ಸೆನ್ಸರ್ ಬಿಚ್ಚುವ ಮೊದಲು ‘ಯಾವಾಗ’ ಅಂತ ಕೇಳಿ

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಅಕ್ವೇರಿಯಂ ಸರ್ವಿಸ್ ಮಾಡುವುದು ನನ್ನ ಕೆಲಸ. ಸಮುದ್ರದ ಮೀನು, ಹವಳ ಸಾಕುವ ಟ್ಯಾಂಕುಗಳೇ ಜಾಸ್ತಿ. ಬರುವ ದೂರುಗಳಲ್ಲಿ ದೊಡ್ಡ ಪಾಲು ಆಟೋ ಟಾಪ್-ಅಪ್‌ನದ್ದು. ಆವಿಯಾಗಿ ಹೋದಷ್ಟು ನೀರನ್ನು ತಾನೇ ತುಂಬಿಸುವ ವ್ಯವಸ್ಥೆ ಅದು. ಸಂಪಿನಲ್ಲಿ, ಅಂದರೆ ಟ್ಯಾಂಕಿನ ಕೆಳಗೆ ಸ್ಟ್ಯಾಂಡಿನೊಳಗೆ ಇಡುವ ಎರಡನೇ ತೊಟ್ಟಿಯಲ್ಲಿ, ನೀರಿನ ಮಟ್ಟ ನೋಡುವ ಒಂದು ಸೆನ್ಸರ್, ಒಂದು ಕಂಟ್ರೋಲರ್, ಸಿಹಿನೀರಿನ ಡ್ರಮ್, ಡ್ರಮ್ಮಿನೊಳಗೆ ಒಂದು ಪುಟ್ಟ ಪಂಪ್. ಇಷ್ಟೇ. ಕೆಟ್ಟಿತು ಅಂದರೆ ಎಲ್ಲರಿಗೂ ಮೊದಲು ಅನುಮಾನ ಬರುವುದು ಸೆನ್ಸರ್ ಮೇಲೆ. ಹೊಸದು ತರಿಸಿ ಹಾಕುತ್ತಾರೆ. ತೊಂದರೆ ಹಾಗೇ ಉಳಿಯುತ್ತದೆ. ಅದಕ್ಕೇ ನಾನು ಟೂಲ್ ಬ್ಯಾಗ್ ತೆರೆಯುವ ಮೊದಲು ಕೇಳುವುದು ಒಂದೇ: ಇದು ಯಾವಾಗ ಆಗುತ್ತದೆ?

ಮಂಗಳೂರಿನ ಬಿಜೈಯ ಒಂದು ಫ್ಲ್ಯಾಟಿನಲ್ಲಿ ಸಂಪ್ ತುಂಬಿ ನೀರು ನೆಲಕ್ಕೆ ಬರುತ್ತಿತ್ತು. “ಎಂತ ಮಾರಾಯ್ರೆ, ಸೆನ್ಸರ್ ಹೊಸತು ಹಾಕಿ ಆಯ್ತು, ಆದ್ರೂ ಪಂಪ್ ನಿಲ್ಲುದೇ ಇಲ್ಲ” ಅಂದರು ಮನೆಯ ಯಜಮಾನರು. ಯಾವಾಗ ಆಗುತ್ತದೆ ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಒಳಗಿಂದ ಅವರ ಅಮ್ಮ ಹೇಳಿದರು: “ಡ್ರಮ್ ತುಂಬಿಸಿದ ದಿವಸ ಮಾತ್ರ. ಅರ್ಧ ಖಾಲಿ ಆದ ಮೇಲೆ ಏನೂ ತೊಂದರೆ ಇಲ್ಲ.” ಡ್ರಮ್ ತುಂಬಿಸುವವರು ಅವರೇ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಡ್ರಮ್ ತುಂಬಿಸಿ, ಪಂಪ್ ಓಡುವಾಗ ಅದರ ಪ್ಲಗ್ ಕಿತ್ತೆ. ಪಂಪ್ ನಿಂತಿತು, ನೀರು ಮಾತ್ರ ಹರಿಯುತ್ತಲೇ ಇತ್ತು. ಕರೆಂಟೇ ಇಲ್ಲದೆ ಹರಿಯುವ ನೀರಿಗೆ ಸೆನ್ಸರ್ ಏನು ಮಾಡಲು ಸಾಧ್ಯ? ಇದು ಸೈಫನ್, ಅಂದರೆ ಎತ್ತರದಲ್ಲಿರುವ ನೀರು ತುಂಬಿದ ಪೈಪಿನ ಮೂಲಕ ತಾನಾಗಿಯೇ ತಗ್ಗಿಗೆ ಹರಿಯುವುದು. ಪೈಪಿನ ಕ್ಲಿಪ್ ಬಿಟ್ಟುಹೋಗಿ, ತುದಿ ಜಾರಿ ಸಂಪಿಗೆ ಇಳಿದಿತ್ತು. ಡ್ರಮ್ಮಿನ ನೀರು ಆ ತುದಿಗಿಂತ ಮೇಲೆ ಇರುವಷ್ಟು ಹೊತ್ತೂ ನಿಂತ ಪಂಪಿನ ಮೂಲಕವೇ ನೀರು ಹರಿಯುತ್ತದೆ. ಮಟ್ಟ ತುದಿಗಿಂತ ಕೆಳಗೆ ಇಳಿದ ಮೇಲೆ ಎಲ್ಲ ಸರಿಯಾಗಿ ಕೆಲಸ ಮಾಡುತ್ತದೆ. ಅಮ್ಮ ಹೇಳಿದ ‘ಅರ್ಧ ಖಾಲಿ’ ಅದೇ. ಪೈಪಿನ ತುದಿಯನ್ನು, ಡ್ರಮ್ ಪೂರ್ತಿ ತುಂಬಿದಾಗ ನೀರು ಎಲ್ಲಿಗೆ ಬರುತ್ತದೋ ಅದಕ್ಕಿಂತ ಮೇಲೆ, ಗಾಳಿಯಲ್ಲಿ ಬಿಗಿಯಾಗಿ ಕಟ್ಟಿದೆ. ಅಲ್ಲಿಂದ ನೀರು ಸಂಪಿಗೆ ಬೀಳಬೇಕು, ಪೈಪ್ ನೀರನ್ನು ಮುಟ್ಟಬಾರದು. ಚೆಕ್ ವಾಲ್ವ್ ಹಾಕಿ ಅಂತ ಕೆಲವರು ಹೇಳುತ್ತಾರೆ. ಸಾಮಾನ್ಯ ಚೆಕ್ ವಾಲ್ವ್ ತಡೆಯುವುದು ಹಿಂದಕ್ಕೆ ಬರುವ ನೀರನ್ನು. ಇಲ್ಲಿ ನೀರು ಮುಂದಕ್ಕೇ ಹೋಗುತ್ತಿದೆಯಲ್ಲ.

ಎರಡನೆಯದು ಉಡುಪಿಯ ಒಂದು ಮನೆ. ಇಲ್ಲಿ ನೀರಿನ ಮಟ್ಟ ಯಾವಾಗ ನೋಡಿದರೂ ಸರಿ. ಆದರೆ ಉಪ್ಪಿನಂಶ ಮೆಲ್ಲಗೆ ಇಳಿಯುತ್ತಿತ್ತು, ಹವಳ ಮುದುಡುತ್ತಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸಾರು ಕುದಿಯುತ್ತಾ ಬಿಟ್ಟರೆ ಉಪ್ಪು ಜಾಸ್ತಿ ಆಗುತ್ತದೆ, ಅಲ್ವಾ? ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಆವಿಯಾದ ಜಾಗಕ್ಕೆ ಸಿಹಿನೀರು ತುಂಬಿದರೆ ಉಪ್ಪು ಮೊದಲಿನಷ್ಟೇ ಇರಬೇಕು. ಮಟ್ಟ ಸರಿ ಇದ್ದೂ ಉಪ್ಪು ಇಳಿಯುತ್ತಿದೆ ಅಂದರೆ ಉಪ್ಪುನೀರು ಎಲ್ಲೋ ಹೊರಗೆ ಹೋಗುತ್ತಿದೆ. ಆ ಜಾಗಕ್ಕೆ ಟಾಪ್-ಅಪ್ ಸಿಹಿನೀರು ತುಂಬುತ್ತಿದೆ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಹೊರಗೆ ಹೋಗುವ ದಾರಿಗಳು ಕೆಲವೇ. ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರಿನ ಕಪ್ ತುಂಬಿ ಹೋಗಬಹುದು, ಎಲ್ಲೋ ಸೋರಬಹುದು, ಇಲ್ಲ ಸಂಪ್ ಉಕ್ಕಬಹುದು. ಮನೆ ಕೆಲಸದ ಅಕ್ಕನ ಹತ್ತಿರ ಕೇಳಿದೆ. ರಾತ್ರಿ ಕರೆಂಟ್ ಹೋದರೆ ಬೆಳಗ್ಗೆ ಸ್ಟ್ಯಾಂಡಿನ ಕೆಳಗೆ ಒದ್ದೆ ಇರುತ್ತದೆ, ತಾನು ಒರೆಸಿ ಬಿಡುತ್ತೇನೆ ಅಂದರು. ಸ್ಟ್ಯಾಂಡಿನ ಕಾಲಿಗೆ ಬಿಳಿ ಉಪ್ಪಿನ ಗೆರೆಯೂ ಇತ್ತು. ಕರೆಂಟ್ ಹೋದಾಗ, ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುವ ರಿಟರ್ನ್ ಪಂಪ್ ನಿಂತು ಮೇಲಿನ ಟ್ಯಾಂಕಿನ ಸ್ವಲ್ಪ ನೀರು ಸಂಪಿಗೆ ಇಳಿಯುತ್ತದೆ. ಸೆನ್ಸರನ್ನು ತೀರಾ ಮೇಲೆ ಕೂರಿಸಿದ್ದರಿಂದ ಸಂಪಿನಲ್ಲಿ ಆ ನೀರಿಗೆ ಜಾಗವೇ ಇರಲಿಲ್ಲ. ಅದು ಉಕ್ಕಿ ನೆಲಕ್ಕೆ. ಕರೆಂಟ್ ಬಂದ ಕೂಡಲೇ ಕಡಿಮೆಯಾದಷ್ಟು ಸಿಹಿನೀರು ಒಳಗೆ.

ಲೆಕ್ಕ ಹಾಕಿ ತೋರಿಸಿದೆ. ಒಟ್ಟು 300 ಲೀಟರ್ ನೀರು, ಲೀಟರಿಗೆ 35 ಗ್ರಾಂ ಉಪ್ಪು. ಒಂದು ಸಲ 5 ಲೀಟರ್ ಉಕ್ಕಿದರೆ 34.4ಕ್ಕೆ ಇಳಿಯುತ್ತದೆ. ಕಣ್ಣಿಗೆ ಬೀಳುವುದಿಲ್ಲ. ಐದು ಸಲ ಹಾಗಾದರೆ 32ರ ಹತ್ತಿರ. ಮಳೆಗಾಲದಲ್ಲಿ ಐದು ಸಲ ಕರೆಂಟ್ ಹೋಗಲು ಎಷ್ಟು ಹೊತ್ತು? ಸೆನ್ಸರ್ ಕೆಳಗಿಳಿಸಿದೆವು, ರಿಟರ್ನ್ ಪೈಪಿನ ಬಾಯಿಯನ್ನು ನೀರಿನ ಮೇಲ್ಮೈ ಹತ್ತಿರಕ್ಕೆ ತಂದೆವು. ಆಮೇಲೆ ಬೇಕೆಂದೇ ಸ್ವಿಚ್ ಆಫ್ ಮಾಡಿ, ನೀರು ಇಳಿಯುವುದು ಪೂರ್ತಿ ನಿಲ್ಲುವ ತನಕ ಕಾದೆವು. ಈ ಪರೀಕ್ಷೆ ಮಾಡದೆ ನಾನು ಯಾವ ಮನೆಯಿಂದಲೂ ಹೊರಡುವುದಿಲ್ಲ. ನೆಲದ ಮೇಲೆ ಬಿದ್ದಿದ್ದ ಸ್ಪೈಕ್ ಬಸ್ಟರನ್ನೂ ಗೋಡೆಗೆ ಏರಿಸಿದೆವು. ಉಪ್ಪುನೀರು ಮತ್ತು ಕರೆಂಟ್ ಒಟ್ಟಿಗೆ ಇರುವ ಜಾಗ, ಇದರಲ್ಲಿ ರಾಜಿ ಬೇಡ.

‘ಮಳೆಗಾಲ ಮುಗಿದ ಮೇಲೆ ಶುರುವಾಯಿತು’ ಅಂದರೆ ಮಾತ್ರ ನಾನು ಸೀದಾ ಫ್ಲೋಟ್ ಸ್ವಿಚ್ಚಿಗೆ ಕೈ ಹಾಕುತ್ತೇನೆ. ನೀರಿನ ಜೊತೆ ತೇಲುತ್ತಾ ಏರಿಳಿಯುವ ಬಗೆಯ ಸೆನ್ಸರ್ ಅದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ನೀರು ಆವಿಯಾಗುವುದು ಕಡಿಮೆ. ಫ್ಲೋಟ್ ಹೆಚ್ಚು ಅಲುಗದೆ ಒಂದೇ ಕಡೆ ನಿಂತಿರುತ್ತದೆ, ಸುತ್ತ ಉಪ್ಪು ಕಟ್ಟುತ್ತದೆ. ಬಿಸಿಲು ಬಂದು ನೀರು ಇಳಿದರೂ ಫ್ಲೋಟ್ ಇಳಿಯುವುದಿಲ್ಲ. ವಿನೆಗರಿನಲ್ಲಿ ನೆನೆಸಿ ತೊಳೆದರೆ ಸಾಕು. ಕೆಲವೊಮ್ಮೆ ಬಸವನಹುಳು ಹತ್ತಿ ಕೂತಿರುತ್ತದೆ. ಪಂಪಿನ ಕರೆಂಟನ್ನು ಬೇರೆಯಾಗಿ ಆನ್-ಆಫ್ ಮಾಡುವ ರಿಲೇ ಇಲ್ಲದೆ ಪಂಪನ್ನು ನೇರವಾಗಿ ಫ್ಲೋಟಿಗೇ ಜೋಡಿಸಿದ್ದರೆ ಒಳಗಿನ ಕಾಂಟ್ಯಾಕ್ಟ್ ಅಂಟಿಕೊಂಡಿರಬಹುದು. ಮಲ್ಟಿಮೀಟರಿನಲ್ಲಿ ತಕ್ಷಣ ಗೊತ್ತಾಗುತ್ತದೆ.

“ಪಣಂಬೂರು ಇಲ್ಲೇ ಉಂಟಲ್ಲ, ಕಡಲಿನ ನೀರೇ ಟಾಪ್-ಅಪ್ ಮಾಡಿದ್ರೆ ಆಗುದಿಲ್ವಾ?” ಅಂತ ಕೇಳುವವರು ಬಹಳ. ಆಗುವುದಿಲ್ಲ. ಉಪ್ಪು ಉಳಿದಿರುವಲ್ಲಿಗೆ ಮತ್ತೆ ಉಪ್ಪು ಸೇರುತ್ತದೆ. ಬಾವಿ ನೀರೂ ಬೇಡ, ಅದರಲ್ಲಿ ಕರಗಿರುವುದೆಲ್ಲ ಟ್ಯಾಂಕಿನಲ್ಲೇ ಉಳಿದು ಸೇರುತ್ತಾ ಹೋಗುತ್ತದೆ. ಆರ್‌ಓ ನೀರು ಹಾಕಿ.

ಊರಿಗೆ ಹೋಗುವವರು ದೊಡ್ಡ ಡ್ರಮ್ ಇಡಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಏನೇ ಕೆಟ್ಟರೂ ಡ್ರಮ್ಮಿನಲ್ಲಿ ಇರುವುದಕ್ಕಿಂತ ಜಾಸ್ತಿ ನೀರು ಒಳಗೆ ಹೋಗಲಾರದು. ಅದೇ 300 ಲೀಟರ್ ಟ್ಯಾಂಕಿಗೆ 60 ಲೀಟರ್ ಪೂರ್ತಿ ಇಳಿದರೆ ಉಪ್ಪು 35ರಿಂದ 29ಕ್ಕೆ ಬೀಳುತ್ತದೆ. 20 ಲೀಟರ್ ಇಳಿದರೆ 33ರ ಹತ್ತಿರ ನಿಲ್ಲುತ್ತದೆ, ಮೀನು ತಾಳಿಕೊಳ್ಳುತ್ತದೆ. ಆದ್ದರಿಂದ 20 ಲೀಟರಿನ ಡ್ರಮ್ ಇಡಿ. ಅದು ಮುಗಿದಾಗ ತುಂಬಿಸಲು ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಎಲ್ಲಿಯವರೆಗೆ ತುಂಬಿಸಬೇಕು ಅಂತ ಡ್ರಮ್ಮಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿಡಿ.