ಕರಪತ್ರದ ಹಿಂಬದಿ

ಮೈಸೂರಿನ ಕೋರ್ಟಿನ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಾಡಿಗೆ ಕರಾರು, ತಿಥಿ ಕಾರ್ಡು, ಅಫಿಡವಿಟ್ಟು, ಇವೇ ನನ್ನ ಅನ್ನ. 2020ರಲ್ಲಿ ಕೊರೊನಾ ಬಂದು ಮದುವೆಗಳೇ ನಿಂತುಹೋದಾಗ ಪ್ರಿಂಟರ್ ಮೇಲೆ ಧೂಳು ಕೂತಿತ್ತು. ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದು, ಕರಪತ್ರದ ಕೆಲಸ ಸಿಕ್ಕಿ, ಸ್ವಲ್ಪ ಉಸಿರಾಡುವಂತಾಯಿತು. ಹಾಗೆ ಕರಪತ್ರ ಮಾಡಿಸಲು ಬಂದವರಲ್ಲಿ ನನ್ನ ಗೆಳೆಯನೂ ಒಬ್ಬ.

ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ ಅವನ ನಿಜವಾದ ಹೆಸರು ಹೇಳಿದರೆ ‘ಯಾರ ಮನೆಯವನು’ ಎಂದು ಕೇಳುತ್ತಾರೆ. ‘ಕಬಡ್ಡಿ’ ಎಂದರೆ ಮನೆ ಬಾಗಿಲವರೆಗೂ ಬಂದು ಬಿಟ್ಟುಹೋಗುತ್ತಾರೆ. ಕಾಲೇಜಿನಲ್ಲಿ ಅವನು ರೈಡರ್, ನಾನು ಲೆಫ್ಟ್ ಕಾರ್ನರ್. ನಾನು ಕಾಲೇಜಿಗೇ ನಿಂತೆ, ಅವನು ರಾಜ್ಯ ತಂಡದವರೆಗೂ ಹೋದ. ಹೊನಲು ಬೆಳಕಿನ ಪಂದ್ಯಾವಳಿ ಎಲ್ಲೇ ನಡೆಯಲಿ, ಮೈಕಿನಲ್ಲಿ ಅವನ ಹೆಸರು ಕೂಗಿದ ಮೇಲೆ ಜನ ಮನೆಗೆ ಹೋಗುವ ಮಾತೇ ಇರಲಿಲ್ಲ. ಬಲ ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಬಂದು ಕಬ್ಬು ಹಾಕಿಕೊಂಡು ಇದ್ದ.

ಅವನು ತಂದ ಹಾಳೆಯನ್ನು ನಾನು ಟೈಪ್ ಮಾಡುತ್ತಾ ಹೋದೆ. ಯಾವ ವರ್ಷ ಯಾವ ಟೂರ್ನಮೆಂಟು, ಯಾವ ಕಪ್ಪು, ಯಾವ ಮೆಡಲು, ಯಾರ ಕೈಯಿಂದ ಸನ್ಮಾನ. ಎರಡು ಫೋಟೋ ಹಾಕಿ, ಕೆಳಗೆ ಮುದ್ರಕರ ಹೆಸರು, ಪ್ರತಿಗಳ ಸಂಖ್ಯೆ ಹಾಕುವಷ್ಟರಲ್ಲಿ ಪುಟ ತುಂಬಿತು.

‘ಲೋ, ಗೆದ್ರೆ ಏನ್ ಮಾಡ್ತೀಯ ಅಂತ ಹಾಕೋಕೆ ಜಾಗಾನೇ ಇಲ್ವಲ್ಲೋ,’ ಎಂದೆ.

‘ಅದ್ಯಾಕೆ ಮಗ? ನಾನ್ಯಾರು ಅಂತ ಊರ್ಗೆಲ್ಲ ಗೊತ್ತಲ್ಲ.’

ಜೊತೆಗೆ ಬಂದಿದ್ದ ಹುಡುಗ ಅಲ್ಲಿಂದಲೇ ಸೇರಿಸಿದ: ‘ಇಮ್ರಾನ್ ಖಾನ್ ಪ್ರಧಾನಿನೇ ಆಗೋದ್ರು ಕಣಣ್ಣ. ನಮ್ಮಣ್ಣ ಪಂಚಾಯ್ತಿ ಮೆಂಬರ್ ಆಗಕ್ಕಾಗಲ್ವಾ?’

ಕಾನೂನಿನ ಪ್ರಕಾರ ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪಂಚಾಯಿತಿಗೆ ನಿಲ್ಲಲು 21 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ವಿಧಾನಸಭೆಗೂ ಲೋಕಸಭೆಗೂ 25, ರಾಜ್ಯಸಭೆಗೆ 30. ಅಲ್ಲಿ ಯಾರೂ ನಿನ್ನ ಓದೆಷ್ಟು, ಕಸುಬೇನು ಎಂದು ಕೇಳುವುದಿಲ್ಲ. ಕೇಳಲೂಬಾರದು ಎಂದೇ ನನ್ನ ನಂಬಿಕೆ. ಓದಿದವರಿಗೆ ಮಾತ್ರ ಎಂದು ಬಾಗಿಲು ಹಾಕಿದ್ದರೆ ನಮ್ಮವ್ವನಂಥವರು ಈ ದೇಶದಲ್ಲಿ ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಆದರೂ ‘ನಾನ್ಯಾರು ಅಂತ ಊರ್ಗೆಲ್ಲ ಗೊತ್ತಲ್ಲ’ ಎಂಬ ಮಾತು ಆ ರಾತ್ರಿಯೆಲ್ಲ ಕಿವಿಯಲ್ಲೇ ಇತ್ತು. ಅವನು ಯಾರೆಂದು ಊರಿಗೆ ಗೊತ್ತು, ಸರಿ. ಊರು ಏನೆಂದು ಅವನಿಗೆ ಗೊತ್ತಾ?

ಭಾನುವಾರ ಅಂಗಡಿಗೆ ಬೀಗ ಹಾಕಿ, ಬೆಳಿಗ್ಗೆ ಶ್ರೀರಂಗಪಟ್ಟಣದ ಮೇಲೆ ಹೋಗುವ ಬಸ್ಸು ಹತ್ತಿದೆ. ಅವನ ಜೊತೆ ಒಂದು ದಿನ ಮನೆಮನೆ ಸುತ್ತೋಣ ಎಂದು.

ಮೊದಲ ಎರಡು ಬೀದಿ ನೋಡುವುದೇ ಒಂದು ಸಂತೋಷ. ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ಜನ ಜಗಲಿ ಇಳಿದು ಬರುತ್ತಿದ್ದರು. ಒಬ್ಬರು ‘ಆ ಫೈನಲ್‌ನಲ್ಲಿ ಕೊನೇ ರೈಡ್ನಲ್ಲಿ ಮೂರ್ ಜನನ ಎಳ್ಕಂಡ್ ಬಂದ್ಯಲ್ಲ’ ಎಂದು ಶುರುಮಾಡಿದರೆ ಕಾಲು ಗಂಟೆ ಅಲ್ಲೇ. ಚಿಕ್ಕ ಹುಡುಗರು ಅವನ ತೊಡೆ ಮುಟ್ಟಿ ನೋಡುತ್ತಿದ್ದರು. ಕರಪತ್ರ ಕೊಟ್ಟರೆ ಫೋಟೋ ನೋಡಿ ಮಡಚಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದರು. ಏನು ಬೇಕು ಎಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವನು ಓಟು ಕೇಳುವುದು ಬೇಡ, ಬಂದು ನಿಂತರೆ ಸಾಕು ಎನ್ನುವ ಹಾಗಿತ್ತು. ನಾವು ಮಂಡ್ಯ ಜಿಲ್ಲೆಯವರು ಇದನ್ನು ಚೆನ್ನಾಗಿ ಬಲ್ಲೆವು. ಪರದೆ ಮೇಲೆ ಕಂಡವರನ್ನು ಮನೆಯ ಮಗ, ಮನೆಯ ಸೊಸೆ ಎಂದುಕೊಂಡೇ ಗೆಲ್ಲಿಸಿದ್ದೇವೆ: ಅಂಬರೀಶ್ ಅವರನ್ನು ಮೂರು ಸಲ ಲೋಕಸಭೆಗೆ ಕಳಿಸಿದೆವು, 2013ರ ಉಪಚುನಾವಣೆಯಲ್ಲಿ ರಮ್ಯಾ, 2019ರಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ. ಪ್ರೀತಿ ಕೊಡುವುದರಲ್ಲಿ ನಮ್ಮ ಜನ ಜಿಪುಣರಲ್ಲ. ಆದರೆ 2007ರಲ್ಲಿ ಕಾವೇರಿ ನ್ಯಾಯಮಂಡಳಿಯ ತೀರ್ಪು ಬಂದಾಗ ಅಂಬರೀಶ್ ಕೇಂದ್ರದ ರಾಜ್ಯ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟದ್ದನ್ನು ಜನ ಈಗಲೂ ಅವರ ಸಿನಿಮಾದಷ್ಟೇ ಪ್ರೀತಿಯಿಂದ ನೆನೆಯುತ್ತಾರೆ. ನೀರಿನ ಮಾತು ಬಂದರೆ ನಮ್ಮೂರುಗಳಲ್ಲಿ ಲೆಕ್ಕವೇ ಬೇರೆ.

ನೀರಿನ ಮಾತು ಬಂದದ್ದು ಮೂರನೇ ಬೀದಿಯಲ್ಲಿ, ಕೊನೆಯ ಮನೆಯ ಅಜ್ಜಿಯಿಂದ.

‘ಕಬಡ್ಡಿ ಆಡ್ತಿದ್ದ ಮಗ ಅಲ್ವಾ ನೀನು? ನಿನ್ ಆಟ ನೋಡಿವ್ನಿ ಬುಡು, ಚೆಂದಾಗಾಡ್ತಿದ್ದೆ. ಬಾ ಇಲ್ಲಿ, ಇದ್ನ ನೋಡು.’

ಮನೆಯ ಪಕ್ಕ ಒಂದು ಗುಂಡಿ. ಸೊಂಟದುದ್ದ ಆಳ, ಒಬ್ಬರು ನಿಲ್ಲುವಷ್ಟು ಅಗಲ. ಇಳಿಯುವುದಕ್ಕೆ ಎರಡು ಚಪ್ಪಡಿ ಕಲ್ಲು, ಪಾಚಿ ಕಟ್ಟಿ ಜಾರುತ್ತಿತ್ತು. ತಳದಲ್ಲಿ ಪೈಪನ್ನು ಕತ್ತರಿಸಿ, ಬಾಯಿಗೆ ಹಳೇ ಸೀರೆಯ ತುಂಡು ಕಟ್ಟಿದ್ದರು. ಬಟ್ಟೆಯ ತುದಿಯಿಂದ ದಾರದಷ್ಟು ಸಣ್ಣಗೆ ನೀರು ಬಿಂದಿಗೆಗೆ ಇಳಿಯುತ್ತಿತ್ತು. ನೆಲದ ಮಟ್ಟಕ್ಕೆ ನೀರು ಏರದ ಬೀದಿಗಳಲ್ಲಿ ಹೀಗೆ ನಲ್ಲಿಯನ್ನೇ ಕೆಳಕ್ಕೆ ಇಳಿಸುತ್ತಾರೆ. ಎಪ್ಪತ್ತು ದಾಟಿದ ಆ ಅಜ್ಜಿ ದಿನಾ ಅದರೊಳಗೆ ಇಳಿದು, ತುಂಬಿದ ಬಿಂದಿಗೆಯನ್ನು ಎದೆಮಟ್ಟಕ್ಕೆ ಎತ್ತಿ ಮೇಲಿಟ್ಟು, ಆಮೇಲೆ ತಾನು ಹತ್ತಿ ಬರಬೇಕು.

ಗೆಳೆಯ ಪಂಚೆ ಎತ್ತಿ ಕಟ್ಟಿ ಗುಂಡಿಗೆ ಇಳಿದ. ಬಿಂದಿಗೆ ಎತ್ತಿ ಮೇಲಿಟ್ಟ. ಹಿಂದೆ ನಿಂತಿದ್ದ ಹುಡುಗರು ಮೊಬೈಲಿನಲ್ಲಿ ಫೋಟೋ ಹಿಡಿದರು.

‘ಎತ್ಕೊಡಾಕೆ ದಿನಾ ಬತ್ತೀಯ?’ ಎಂದಳು ಅಜ್ಜಿ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ‘ನೀರ್ ಯಾಕ್ ಮೇಲಕ್ಕೇರಾಕಿಲ್ಲ ಅಂತ ಗೊತ್ತಾ ನಿಂಗೆ?’

ಅವನು ಗುಂಡಿಯೊಳಗೇ ನಿಂತಿದ್ದ. ಅವನ ಮುಖ ಅಜ್ಜಿಯ ಪಾದಕ್ಕೆ ಹತ್ತಿರವಿತ್ತು. ಫೋಟೋ ತೆಗೆಯುತ್ತಿದ್ದ ಹುಡುಗರಿಗೆ ‘ಸಾಕು, ಒಳಗಿಡ್ರೋ’ ಎಂದು ಹೇಳಿ, ಅಜ್ಜಿಗೆ ‘ಗೊತ್ತಿಲ್ಲ ಕಣಜ್ಜಿ’ ಎಂದ.

ಇಷ್ಟು ವರ್ಷದ ಗೆಳೆತನದಲ್ಲಿ ಅವನ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ನಾನು ಕೇಳಿದ್ದು ಕಡಿಮೆ. ನಮ್ಮ ತಾತ ಗರಡಿಯಲ್ಲಿ ಸಾಮು ಮಾಡಿದವರು. ಬೇರೆ ಊರಿನಲ್ಲಿ ಎಷ್ಟೇ ಕುಸ್ತಿ ಗೆದ್ದು ಬಂದಿದ್ದರೂ ಹೊಸ ಗರಡಿಗೆ ಬಂದವನು ಮೊದಲು ಗುದ್ದಲಿ ಹಿಡಿದು ಮಟ್ಟಿಯ ಮಣ್ಣು ಅಗೆಯಬೇಕು, ಆಮೇಲೆ ಲಂಗೋಟಿ ಎನ್ನುತ್ತಿದ್ದರು. ಆ ಗುಂಡಿಯಲ್ಲಿ ಅವನನ್ನು ನೋಡಿದಾಗ ತಾತ ನೆನಪಾದರು.

ಉಳಿದ ಬೀದಿ ಬಿಟ್ಟು ಅವನು ನೀರುಗಂಟಿಯನ್ನು ಕರೆಸಿದ. ಇಪ್ಪತ್ತು ವರ್ಷದಿಂದ ವಾಲ್ವು ತಿರುಗಿಸುತ್ತಿರುವ ಆ ಮನುಷ್ಯನಿಗೆ ಊರ ನೆಲದಡಿ ಏನಿದೆ ಎಂಬುದು ಅಂಗೈ ಗೆರೆಯಷ್ಟು ಗೊತ್ತು. ಓವರ್‌ಹೆಡ್ ಟ್ಯಾಂಕಿನಿಂದ ಹೊರಟ ಒಂದೇ ಲೈನಿಗೆ ಆಮೇಲೆ ಬೆಳೆದ ಬೀದಿಗಳನ್ನೆಲ್ಲ ಸೇರಿಸುತ್ತಾ ಹೋಗಿದ್ದಾರೆ. ನಡುವಿನ ಒಂದು ಗೇಟ್‌ವಾಲ್ವು ತುಕ್ಕು ಹಿಡಿದು ಅರ್ಧಕ್ಕೇ ನಿಂತಿದೆ. ಎಲ್ಲಕ್ಕಿಂತ ಹೆಚ್ಚಾಗಿ, ನಡುಬೀದಿಯ ಕೆಲವು ಮನೆಯವರು ಲೈನಿಗೇ ಮೋಟಾರ್ ಕೂರಿಸಿ ನೀರು ಎಳೆದುಕೊಳ್ಳುತ್ತಾರೆ. ಅವರ ಸಂಪು ತುಂಬಿದ ಮೇಲೆ ಉಳಿದದ್ದು ಅಜ್ಜಿಯ ಗುಂಡಿಗೆ. ಹೊಸ ಲೈನ್ ಆಗಬೇಕಾದರೆ ವಾರ್ಡ್ ಸಭೆಯಲ್ಲಿ ಎತ್ತಬೇಕು, ಗ್ರಾಮಸಭೆಯಲ್ಲಿ ಒಪ್ಪಿಸಬೇಕು, ಕ್ರಿಯಾ ಯೋಜನೆಯಲ್ಲಿ ಸೇರಿಸಬೇಕು, ಆಮೇಲೆ ಎಸ್ಟಿಮೇಟು. ಗೆಳೆಯ ಕೈಯಲ್ಲಿದ್ದ ಕರಪತ್ರ ತಿರುಗಿಸಿ, ಖಾಲಿ ಇದ್ದ ಹಿಂಬದಿಯಲ್ಲಿ ಗೆರೆ ಎಳೆಯುತ್ತಾ ಹೋದ. ಟ್ಯಾಂಕಿಗೊಂದು ದುಂಡು, ವಾಲ್ವಿಗೊಂದು ಕತ್ತರಿ ಗುರುತು, ಮೋಟಾರ್ ಇರುವ ಮನೆಗೊಂದು ಚುಕ್ಕೆ.

ಮೋಟಾರ್ ಇಟ್ಟವರ ಮನೆ ಒಂದೊಂದಾಗಿ ಹೇಳುತ್ತಾ ಬಂದ ನೀರುಗಂಟಿ ಒಂದು ಕಡೆ ಮಾತು ನಿಲ್ಲಿಸಿದ. ಅದು ನಮಗೆ ಮಧ್ಯಾಹ್ನದ ಊಟಕ್ಕೆ ಹೇಳಿದ್ದ ಮನೆ. ಗೆಳೆಯನ ಪರವಾಗಿ ಮುಂದೆ ನಿಂತು ಓಡಾಡುತ್ತಿದ್ದವರು, ಅವನಿಗೆ ಸಂಬಂಧದಲ್ಲಿ ದೊಡ್ಡಪ್ಪ.

ಅಷ್ಟು ಹೊತ್ತೂ ಅವನು ನೋಡದಿದ್ದ ರಾಜಕೀಯ ಇದು. ಅಂಕಣದಲ್ಲಿ ಎದುರಾಳಿ ಗೆರೆಯ ಆಚೆ ಇರುತ್ತಾನೆ, ಅವನ ಜೆರ್ಸಿಯ ಬಣ್ಣವೇ ಬೇರೆ. ಅಂಪೈರ್ ವಿಸಿಲ್ ಊದಿದರೆ ಎಲ್ಲ ನಿಲ್ಲುತ್ತದೆ. ಊರಿನಲ್ಲಿ ಗೆರೆ ಎಳೆದವರು ಯಾರೂ ಇಲ್ಲ, ವಿಸಿಲ್ ಯಾರ ಕೈಯಲ್ಲೂ ಇಲ್ಲ. ಸಚಿನ್ ತೆಂಡುಲ್ಕರ್ ಅಂಥವರಿಗೇ ಇದು ಎದುರಾಗಿದೆ. 2012ರಿಂದ 2018ರವರೆಗೆ ಅವರು ರಾಜ್ಯಸಭೆಯ ನಾಮಕರಣ ಸದಸ್ಯರು. ಹಾಜರಾತಿ ಕಡಿಮೆ ಎಂಬ ಟೀಕೆ ಇತ್ತು, ಅದು ಸುಳ್ಳೂ ಅಲ್ಲ. ಆದರೆ 2017ರ ಡಿಸೆಂಬರ್‌ನಲ್ಲಿ ಆಡುವ ಹಕ್ಕಿನ ಬಗ್ಗೆ ಮಾತಾಡಲು ಎದ್ದು ನಿಂತಾಗ ಗದ್ದಲದಲ್ಲಿ ಬಾಯಿ ತೆರೆಯಲೂ ಆಗಲಿಲ್ಲ. ಕ್ರೀಡಾಂಗಣಗಳೇ ಎದ್ದು ನಿಲ್ಲುತ್ತಿದ್ದ ಮನುಷ್ಯ ಕೊನೆಗೆ ತನ್ನ ಭಾಷಣವನ್ನು ಫೇಸ್‌ಬುಕ್‌ನಲ್ಲಿ ಹಾಕಿದರು. ಅದನ್ನು ನೋಡಿದಾಗ ನನಗೆ ಸಂಕಟವಾಗಿತ್ತು. ಸಂವಿಧಾನದ 80ನೇ ವಿಧಿ ನಾಮಕರಣಕ್ಕೆ ಹೆಸರಿಸುವುದು ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಯನ್ನು. ಆಟ ಎಂಬ ಪದವೇ ಅಲ್ಲಿಲ್ಲ. ಇರಬೇಕಿತ್ತು ಅನ್ನಿಸುತ್ತದೆ. ಆದರೆ ಪದ ಸೇರಿಸಿದ ಮಾತ್ರಕ್ಕೆ ಆಟಗಾರನ ಮಾತಿಗೆ ಸದನ ಕಿವಿಗೊಡುತ್ತದೆ ಎಂದೇನಿಲ್ಲ.

ಊಟದ ಮನೆಗೆ ಹೋದೆವು. ಮುದ್ದೆ, ನಾಟಿ ಕೋಳಿ ಸಾರು. ಎಲೆ ಮುಂದೆ ಕೂತು ಗೆಳೆಯ ಒಂದು ತುತ್ತೂ ಮುಟ್ಟದೆ ಕೇಳಿದ: ‘ದೊಡ್ಡಪ್ಪ, ಲೈನಿಗೆ ಕೂರ್ಸಿರೋ ಮೋಟಾರ್ ತೆಗೀಬೇಕಲ್ಲ.’

‘ಯಾವಾಗ?’

‘ಇವತ್ತೇ. ಕೊನೇ ಮನೆ ಅಜ್ಜಿ ಗುಂಡೀಲಿ ಇಳೀತವ್ರೆ.’

ದೊಡ್ಡಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ ‘ಎಲೆಕ್ಷನ್ ಮುಗೀಲಿ ಮಗ, ಆಮೇಲ್ ನೋಡುವ’ ಎಂದರು. ‘ಮುಗುದ್ಮೇಲೆ ನಾನ್ ಕೇಳಾಕೆ ಬರದೇ ಇರ್ಬೋದು ದೊಡ್ಡಪ್ಪ, ಅದ್ಕೇ ಈಗ್ಲೇ ಕೇಳ್ತಿವ್ನಿ,’ ಎಂದ ಇವನು. ದೊಡ್ಡಮ್ಮ ಸಾರಿನ ಸೌಟು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಆ ಮನೆಯಲ್ಲಿ ಎಂಟು ಓಟಿದ್ದವು. ಅವರ ಮಾತು ಕೇಳುವ ಮನೆಗಳು ಇನ್ನೂ ನಾಲ್ಕೈದು.

ಒಬ್ಬ ಆಟಗಾರ ಚುನಾವಣೆಗೆ ಅರ್ಹನಾ ಎಂದು ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಬರುವುದು ಆ ಮುಟ್ಟದ ಮುದ್ದೆ. ಬೆಳಿಗ್ಗೆ ಬಂದವನು ಅರ್ಹ ಎಂದು ನಾನು ಹೇಳುತ್ತಿರಲಿಲ್ಲ. ಮಧ್ಯಾಹ್ನ ಆ ಎಲೆಯ ಮುಂದೆ ಕೂತವನು ಅರ್ಹ ಎಂದು ಯಾವ ಕಟ್ಟೆಯ ಮೇಲೆ ನಿಂತಾದರೂ ಹೇಳುತ್ತೇನೆ.

ಸಂಜೆ ವಾಪಸು ಬರುವ ಬಸ್ಸಿನಲ್ಲಿ ಆ ಹುಡುಗನ ಇಮ್ರಾನ್ ಖಾನ್ ಮಾತು ಮತ್ತೆ ನೆನಪಾಯಿತು. ಇಮ್ರಾನ್ ವಿಶ್ವಕಪ್ ಎತ್ತಿದ್ದು 1992ರಲ್ಲಿ, ಪಕ್ಷ ಕಟ್ಟಿದ್ದು 1996ರಲ್ಲಿ, ಪ್ರಧಾನಿಯಾದದ್ದು 2018ರಲ್ಲಿ. ಆ ನಡುವಿನ 22 ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. ಅಷ್ಟು ಕಾದರೂ 2022ರ ಏಪ್ರಿಲ್‌ನಲ್ಲಿ ಅವಿಶ್ವಾಸ ನಿರ್ಣಯದಲ್ಲಿ ಕುರ್ಚಿ ಹೋಯಿತು. ಲೈಬೀರಿಯಾದ ಜಾರ್ಜ್ ವಿಯಾ 1995ರಲ್ಲಿ ಬ್ಯಾಲನ್ ಡಿ’ಓರ್ ಪ್ರಶಸ್ತಿ ಗೆದ್ದ ಫುಟ್ಬಾಲ್ ಆಟಗಾರ. 2005ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಓದಿಲ್ಲ ಎಂದು ಹಂಗಿಸಿದರು, ಸೋತರು. ಆಮೇಲೆ ಓದಿದರು, ಸೆನೆಟರ್ ಆದರು, 2018ರಲ್ಲಿ ಅಧ್ಯಕ್ಷರಾದರು. 2023ರಲ್ಲಿ ಕೂದಲೆಳೆಯ ಅಂತರದಲ್ಲಿ ಸೋತಾಗ ತಕರಾರು ತೆಗೆಯದೆ ಒಪ್ಪಿಕೊಂಡರು. ಆಫ್ರಿಕಾದಲ್ಲಿರಲಿ, ಇಲ್ಲಿರಲಿ, ಕುರ್ಚಿ ಬಿಟ್ಟು ಏಳುವುದು ದೊಡ್ಡ ಮಾತು. ಸೋತು ಕೈಕುಲುಕುವುದನ್ನು ಆಟ ಕಲಿಸುತ್ತದೆ ಎಂಬುದನ್ನು ನಾನು ನಂಬುತ್ತೇನೆ.

ಆದರೆ ನಾನು ಎಲ್ಲರಿಗಿಂತ ಮೇಲೆ ಇಡುವುದು ಜೈಪಾಲ್ ಸಿಂಗ್ ಮುಂಡಾ ಅವರನ್ನು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಹಾಕಿಯ ಮೊದಲ ಚಿನ್ನ ಬಂದಾಗ ಆ ತಂಡದ ನಾಯಕ ಅವರು. ಸಂವಿಧಾನ ಸಭೆಯಲ್ಲಿ ಅವರು ಆದಿವಾಸಿಗಳ ಪರವಾಗಿ ಮಾತಾಡಿದಾಗ ಆ ಮಾತಿಗೆ ತೂಕ ಬಂದದ್ದು ಅವರ ಹಾಕಿ ಸ್ಟಿಕ್ಕಿನಿಂದಲ್ಲ. 1939ರಲ್ಲೇ ಆದಿವಾಸಿ ಮಹಾಸಭಾದ ಅಧ್ಯಕ್ಷರಾಗಿ ಅವರು ತಮ್ಮ ಜನರ ಕಾಡು, ನೆಲ, ಕೂಲಿಯ ಕಷ್ಟಕ್ಕೆ ಇಳಿದಿದ್ದರು. ಕುಸ್ತಿಪಟು ವಿನೇಶ್ ಫೋಗಟ್ 2024ರಲ್ಲಿ ಹರಿಯಾಣದ ಜುಲಾನಾದಿಂದ ಶಾಸಕಿಯಾಗುವ ಮುಂಚೆ, 2023ರಲ್ಲಿ ಹೆಣ್ಣು ಕುಸ್ತಿಪಟುಗಳ ಲೈಂಗಿಕ ಕಿರುಕುಳದ ದೂರಿಗೆ ನ್ಯಾಯ ಕೇಳಿ ದೆಹಲಿಯ ಜಂತರ್ ಮಂತರ್‌ನ ರಸ್ತೆಯ ಮೇಲೆ ಮಲಗಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಅವರ ಪಕ್ಷ ಒಪ್ಪುವುದು ಬಿಡುವುದು ಬೇರೆ ಮಾತು. ಯಾಕೆ ಬಂದಿದ್ದೀಯಮ್ಮ ಎಂದು ಕೇಳಿದರೆ ಅವರ ಬಳಿ ಉತ್ತರವಿತ್ತು.

ಎರಡು ದಿನ ಬಿಟ್ಟು ಗೆಳೆಯ ಫೋನ್ ಮಾಡಿದ. ಹೊಸ ಕರಪತ್ರ ಬೇಕು, ಮುನ್ನೂರು ಸಾಕು ಎಂದ. ಕಪ್ಪು, ಮೆಡಲು, ಸನ್ಮಾನ ಎಲ್ಲ ತೆಗೆಸಿದ. ಒಂದು ಫೋಟೋ, ಗುರುತು, ಕೆಳಗೆ ನೀರಿನ ಲೈನ್ ವಿಷಯ, ಮೋಟಾರ್ ವಿಷಯ, ವರ್ಷದಲ್ಲಿ ಎರಡು ಸಲವಾದರೂ ಗ್ರಾಮಸಭೆ ಕರೆಸುವ ವಿಷಯ. ‘ದೊಡ್ಡಪ್ಪ ಮಾತಾಡ್ತಿಲ್ಲ ಕಣೋ,’ ಎಂದು ಕೊನೆಗೆ ಹೇಳಿ ಇಟ್ಟ. ನಾನು ಆ ಮುನ್ನೂರಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಡಿಸೆಂಬರ್ 30ಕ್ಕೆ ಎಣಿಕೆ. ಬ್ಯಾಲೆಟ್ ಪೇಪರ್ ಆದ್ದರಿಂದ ನಮ್ಮೂರಿನ ಸರದಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಇಪ್ಪತ್ತರೊಳಗಿನ ಅಂತರದಲ್ಲಿ ಅವನು ಸೋತ. ಅಷ್ಟು ಓಟು ಯಾವ ಬೀದಿಯಲ್ಲಿ ಹೋದವು ಎಂದು ಊರಿಗೆಲ್ಲ ಗೊತ್ತಿತ್ತು.

ಹೊಸ ವರ್ಷದ ಮೊದಲ ವಾರ ಅವನು ಅಂಗಡಿಗೆ ಬಂದ. ಕೂತ, ಟೀ ಕುಡಿದ, ಮೊಣಕಾಲು ತಿಕ್ಕಿಕೊಂಡ. ಸೋತ ಮಾತು ಎತ್ತಲಿಲ್ಲ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಹಳೇ ಕರಪತ್ರ ತೆಗೆದು, ಹಿಂಬದಿ ಮೇಲೆ ಮಾಡಿ ಕೀಬೋರ್ಡಿನ ಪಕ್ಕ ಬಿಡಿಸಿಟ್ಟ. ಟ್ಯಾಂಕಿನ ದುಂಡು, ಕತ್ತರಿ ಗುರುತು, ಚುಕ್ಕೆಗಳು. ಬೆವರಿಗೆ ಒಂದು ಕಡೆ ಗೆರೆ ಅಳಿಸಿಹೋಗಿತ್ತು, ಅದನ್ನು ಪೆನ್ನಿನಿಂದ ತಿದ್ದಿದ್ದ.

‘ಇದ್ನ ಕಂಪ್ಯೂಟರ್‌ನಲ್ಲಿ ನೀಟಾಗಿ ಮಾಡ್ಕೊಡು ಮಗ,’ ಎಂದ. ‘ಗೆದ್ದೋರಿಗೆ ಕೊಡ್ಬೇಕು. ಮೊದಲನೇ ಗ್ರಾಮಸಭೆಗೆ ಮುಂಚೆ.’