ಜಾಮ್‌ಸರದ ಬಿಳಿ ಗುಂಡಿ

ಚಳ್ಳಕೆರೆ ಕಡೆಯ ಶೇಂಗಾ ಬೆಳೆಯುವ ಮನೆಯಲ್ಲಿ ಹುಟ್ಟಿದ ನನಗೆ ಜಿಪ್ಸಮ್ ಅಂದರೆ ಪಡಸಾಲೆಯ ಮೂಲೆಯಲ್ಲಿ ಒರಗಿರುತ್ತಿದ್ದ ಬೂದುಬಿಳಿ ಪುಡಿಯ ಚೀಲ. ಹೂವಾಗಿ, ಕಾಯಿ ಕಟ್ಟುವ ಸೂಜಿಯಂಥ ತೊಟ್ಟು ಮಣ್ಣಿಗಿಳಿಯುವ ಹೊತ್ತಿಗೆ ಅಪ್ಪ ಅದನ್ನು ಸಾಲಿನ ಬುಡಕ್ಕೆ ಎರಚಿ ಮಣ್ಣೇರಿಸುತ್ತಿದ್ದರು. ಸುಣ್ಣದಂಶವೂ ಗಂಧಕವೂ ಸಿಕ್ಕರೆ ಕಾಯಿ ಜೊಳ್ಳಾಗುವುದು ಕಡಿಮೆ. ಆ ಪುಡಿ ನೆಲದಲ್ಲಿ ಹೇಗಿರುತ್ತದೆ ಎಂದು ನೋಡಿದ್ದು ಕಳೆದ ಜನವರಿಯಲ್ಲಿ, ರಾಜಸ್ಥಾನದ ಬಿಕಾನೇರ್‌ನ ಉತ್ತರಕ್ಕಿರುವ ಜಾಮ್‌ಸರದಲ್ಲಿ.

ಸೂರತ್‌ಗಢಕ್ಕೆ ಹೋಗುವ ರೈಲು ದಾರಿಯ ಸಣ್ಣ ಊರು ಅದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಇಲ್ಲಿನ ಜಿಪ್ಸಮ್ ದೂರದ, ಈಗಿನ ಜಾರ್ಖಂಡ್‌ನ ಸಿಂದ್ರಿಯ ಗೊಬ್ಬರ ಕಾರ್ಖಾನೆಗೆ ರೈಲಿನಲ್ಲಿ ಹೋಗುತ್ತಿತ್ತು. 1951ರಲ್ಲಿ ಉತ್ಪಾದನೆ ಶುರುಮಾಡಿದ ಆ ಕಾರ್ಖಾನೆ ಅಮೋನಿಯಂ ಸಲ್ಫೇಟ್ ಗೊಬ್ಬರಕ್ಕೆ ಬೇಕಾದ ಗಂಧಕದಂಶವನ್ನು ಈ ಕಲ್ಲಿನಿಂದಲೇ ಪಡೆಯುತ್ತಿತ್ತು.

ಅಗೆದು ಬಿಟ್ಟ ಹಳೆಯ ಗುಂಡಿಯೊಂದಕ್ಕೆ ಇಳಿದೆವು. ಗಣಿ ಅಂದರೆ ಪಾತಾಳ ಅಂದುಕೊಂಡಿದ್ದೆ, ಇದು ಆಳೆತ್ತರ ಮಾತ್ರ. ಮೇಲೆ ಗೇಣುದ್ದ ಗಾಳಿಮರಳು. ಅದರಡಿ ಹಿಟ್ಟಿನಂಥ ಜಿಪ್ಸಮ್. ಇನ್ನೂ ಕೆಳಗೆ ಮರಳಿನ ಕಣಗಳನ್ನು ನುಂಗಿಕೊಂಡೇ ಬೆಳೆದ ಹರಳುಗಳು. ಒಂದನ್ನು ಕಿತ್ತು ಉಗುರಿನಿಂದ ಕೆರೆದೆ, ಗೆರೆ ಮೂಡಿತು. ಅಂಚಿಗೆ ಚಾಕು ತಾಗಿಸಿದರೆ ಅಭ್ರಕದ ಹಾಗೆ ತೆಳ್ಳಗೆ ಹಾಳೆಯಾಗಿ ಬಿಟ್ಟುಕೊಂಡಿತು. ಅದರೊಳಗಿಂದ ನನ್ನ ಹೆಬ್ಬೆರಳಿನ ಗೆರೆಗಳು ಕಾಣುತ್ತಿದ್ದವು.

ಇದು ಹಳೆಯ ಸಮುದ್ರ ಬತ್ತಿ ಉಳಿದದ್ದು ಎಂದೇ ನಂಬಿದ್ದೆ. ಅಂಥದ್ದೂ ಈ ಸೀಮೆಯ ಆಳದಲ್ಲಿದೆ, ಅದರ ವಯಸ್ಸು 50 ಕೋಟಿ ವರ್ಷಕ್ಕೂ ಹೆಚ್ಚು. ಆದರೆ ಈ ಮೇಲ್ಪದರದ್ದು ಭೂವಿಜ್ಞಾನದ ಲೆಕ್ಕದಲ್ಲಿ ಹಸುಗೂಸು. ಮರಳುದಿಬ್ಬಗಳ ನಡುವಿನ ತಗ್ಗಿಗೆ ಬಂದ ನೀರಿಗೆ ಹೊರಗೆ ಹರಿಯಲು ದಾರಿಯಿಲ್ಲ, ಅಂತರ್ಜಲವೂ ಬತ್ತಿಯೇರುವ ಎಣ್ಣೆಯಂತೆ ಮೇಲೇರಿ ಬಿಸಿಲಿಗೆ ಆರುತ್ತದೆ. ಆಗ ಮೊದಲು ಸುಣ್ಣ ಕೂರುತ್ತದೆ, ಆಮೇಲೆ ಜಿಪ್ಸಮ್, ಕೊನೆಗೆ ಉಪ್ಪು. ಒಂದು ಲೀಟರ್ ನೀರು ಸುಮಾರು 360 ಗ್ರಾಂ ಉಪ್ಪನ್ನು ಕರಗಿಸಿಕೊಂಡರೆ ಜಿಪ್ಸಮ್ ಕರಗುವುದು ಸುಮಾರು ಎರಡೂವರೆ ಗ್ರಾಂ ಮಾತ್ರ. ಹಾಗಾಗಿ ಉಪ್ಪು ತೊಳೆದುಹೋದರೂ ಇದು ನಿಲ್ಲುತ್ತದೆ. ಆದರೆ ನಮ್ಮ ಮಲೆನಾಡಿನಂಥ ಮಳೆಯಾದರೆ ಇದೂ ಉಳಿಯುತ್ತಿರಲಿಲ್ಲ. ವರ್ಷಕ್ಕೆ 300 ಮಿ.ಮೀ. ಕೂಡ ಬೀಳದ ಬರವೇ ಇದನ್ನು ಕಾಪಾಡಿದೆ.

ನಮ್ಮ ಜೊತೆಗಿದ್ದ, ಹಿಂದೆ ಇಲ್ಲೇ ಗುದ್ದಲಿ ಹಿಡಿದಿದ್ದ ಹಿರಿಯರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಚಹಾದಂಗಡಿಯಲ್ಲಿ ಅವರು ಒಂದು ಚೂರನ್ನು ಒಲೆಯ ತವಾದ ಮೇಲಿಟ್ಟು ಸ್ಟೀಲ್ ಬಟ್ಟಲು ಕವುಚಿದರು. ಸ್ವಲ್ಪ ಹೊತ್ತಿಗೆ ಎತ್ತಿದರೆ ಗಾಜಿನಂತಿದ್ದ ಹರಳು ಸುಣ್ಣದ ಬಿಳುಪಾಗಿ ಪದರ ಪದರವಾಗಿ ಬಿರಿದಿತ್ತು, ಬಟ್ಟಲೊಳಗೆ ಬೆವರಿನಂತೆ ಹನಿಗಳು. ಜಿಪ್ಸಮ್ಮಿನ ತೂಕದಲ್ಲಿ ನೂರಕ್ಕೆ ಸುಮಾರು 21 ಪಾಲು ನೀರು ಎಂದು ಓದಿದ್ದೆ. ಆ ಒಣನೆಲದಲ್ಲಿ ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು.

ಊರಿಗೆ ಬಂದು ಇನ್ನೊಂದು ಹರಳನ್ನು ಅಪ್ಪನ ಕೈಗಿಟ್ಟೆ. ತಿರುಗಿಸಿ ನೋಡಿದರು, ಉಗುರಿನಿಂದ ಕೆರೆದು ಪುಡಿಯನ್ನು ಬೆರಳಲ್ಲಿ ಉಜ್ಜಿದರು.

‘ಎಷ್ಟು ಅಡಿಗೆ ಸಿಕ್ತಪ್ಪಾ?’

‘ಮೊಣಕಾಲಾಳಕ್ಕೇ ಇತ್ತು.’

‘ಮತ್ತೆ ಅಲ್ಲಿ ಬೋರಿನ ನೀರು?’

‘ಸಪ್ಪೆ ಅಲ್ಲಪ್ಪ, ಉಪ್ಪು ಅಂದ್ರು ಕಾಕಾ.’

ಅಪ್ಪ ಹರಳನ್ನು ದೇವರ ಗೂಡಿನ ಪಕ್ಕ, ಬೀಜದ ಶೇಂಗಾ ಡಬ್ಬಿಯ ಮೇಲೆ ಇಟ್ಟರು.