ಒಬ್ಬರೇ ಅಮೃತಸರ, ಹರಿದ್ವಾರ, ಕಾಶಿ: ಕೈಯಲ್ಲಿ ದುಡ್ಡು ಕಡಿಮೆ ಇರುವ ವಿದ್ಯಾರ್ಥಿಗಳಿಗೆ

ಸೆಮಿಸ್ಟರ್ ರಜೆಯಲ್ಲಿ ಒಬ್ಬರೇ ಉತ್ತರದ ಕಡೆ ಹೊರಡುವ ಯೋಚನೆ ಇದ್ದರೆ ಬೆಂಗಳೂರು, ದೆಹಲಿ, ಅಮೃತಸರ, ಹರಿದ್ವಾರ, ಕಾಶಿ, ವಾಪಸ್ ಬೆಂಗಳೂರು ಅಂತ ಸುತ್ತು ಹಾಕಿಕೊಳ್ಳಿ. ನಾನು ಹೋಗಿದ್ದೂ ಹೀಗೇ, ಪೂರ್ತಿ ಸ್ಲೀಪರ್‌ನಲ್ಲಿ. ಒಂಟಿಯಾಗಿ ಹೋಗುವವರ ದುಡ್ಡು ತಿನ್ನುವುದು ಟಿಕೆಟ್ ಅಲ್ಲ, ರೂಮು. ಬಾಡಿಗೆ ಹಂಚಿಕೊಳ್ಳಲು ಜೊತೆಯವರು ಇರಲ್ಲ ಅಲ್ವಾ? ಈ ಸುತ್ತಿನಲ್ಲಿ ಎಷ್ಟೋ ರಾತ್ರಿ ರೈಲಿನಲ್ಲೇ ಕಳೆಯುತ್ತದೆ.

ಮೊದಲು ಟಿಕೆಟ್. ಈಗ ಬುಕಿಂಗ್ ತೆರೆಯುವುದು 60 ದಿನ ಮುಂಚೆ, ಮೊದಲಿನ ಹಾಗೆ 120 ಅಲ್ಲ. ಹೋಗುವುದು, ಬರುವುದು ಎರಡನ್ನೂ ಆಗಲೇ ಮಾಡಿಸಿ. ತತ್ಕಾಲ್ ನಂಬಿಕೊಂಡು ಹೊರಡಬೇಡಿ. ಸ್ಲೀಪರ್ ತತ್ಕಾಲ್ ಹಿಂದಿನ ದಿನ ಬೆಳಿಗ್ಗೆ 11ಕ್ಕೆ ತೆರೆಯುತ್ತದೆ, ಆನ್‌ಲೈನ್‌ನಲ್ಲಿ ಮಾಡಲು ಆಧಾರ್ ಜೋಡಣೆ ಆಗಿರಬೇಕು, ರೇಟೂ ಜಾಸ್ತಿ. ವಿದ್ಯಾರ್ಥಿ ರಿಯಾಯಿತಿ ಇದೆಯಲ್ಲ ಅಂತ ಕೇಳುವವರಿಗೆ: ಅದು ಊರಿಗೆ ಹೋಗಲು ಅಥವಾ ಕಾಲೇಜಿನ ಶೈಕ್ಷಣಿಕ ಪ್ರವಾಸಕ್ಕೆ. ಸುಮ್ನೆ ಸುತ್ತಲು ಸಿಗುವುದಿಲ್ಲ.

ಕರ್ನಾಟಕ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟರೆ ಎರಡು ರಾತ್ರಿ ಕಳೆದು ದೆಹಲಿ. ರಾಯಚೂರು, ಕಲಬುರಗಿಯವರಿಗೂ ಇದೇ ರೈಲು. ಅಪ್ಪರ್ ಬರ್ತ್ ತೆಗೆದುಕೊಳ್ಳಿ. ಹಗಲಲ್ಲೂ ಯಾರೂ ಎಬ್ಬಿಸುವುದಿಲ್ಲ, ಬ್ಯಾಗು ತಲೆದಿಂಬಾಗುತ್ತದೆ. ಆದರೂ ಚೈನು, ಬೀಗ ಇರಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡರೆ ದೆಹಲಿವರೆಗೆ ಊಟದ ಖರ್ಚೇ ಇಲ್ಲ. ದೊಡ್ಡ ಸ್ಟೇಷನ್‌ಗಳಲ್ಲಿ ಜನರಲ್ ಬೋಗಿಯ ಹತ್ತಿರ 20 ರೂಪಾಯಿಗೆ ಪೂರಿ-ಪಲ್ಯದ ಪೊಟ್ಟಣ ಮಾರುತ್ತಾರೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ದೆಹಲಿಯಲ್ಲಿ ಮೆಟ್ರೊ ಸಾಕು. ಬ್ಯಾಗನ್ನು ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಇಡಬಹುದು, ಬೀಗ ಹಾಕಿರಬೇಕು, ಟಿಕೆಟ್ ತೋರಿಸಬೇಕು. ಕೆಂಪು ಕೋಟೆಗೆ ಸೋಮವಾರ ರಜೆ.

ಅಮೃತಸರಕ್ಕೆ ಮಾತ್ರ ಧಾರಾಳವಾಗಿ ದಿನ ಇಟ್ಟುಕೊಳ್ಳಿ. ಸ್ಟೇಷನ್‌ನಿಂದ ಸ್ವರ್ಣಮಂದಿರಕ್ಕೆ ಗುರುದ್ವಾರದ್ದೇ ಉಚಿತ ಬಸ್ ಇದೆ. ಸಾಮಾನು ಇಡುವ ಜಾಗಕ್ಕೆ ಗಠ್ರಿ ಘರ್ ಅನ್ನುತ್ತಾರೆ, ಚಪ್ಪಲಿ ಇಡುವುದು ಜೋಡಾ ಘರ್‌ನಲ್ಲಿ, ಎರಡಕ್ಕೂ ದುಡ್ಡಿಲ್ಲ. ತಲೆಗೆ ಬಟ್ಟೆ ಕಡ್ಡಾಯ, ಮನೆಯಿಂದಲೇ ಒಂದು ಒಯ್ಯಿರಿ. ಲಂಗರ್, ಅಂದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಗುರುದ್ವಾರದ ಊಟ, ಹಗಲು ರಾತ್ರಿ ನಡೆಯುತ್ತದೆ. ರೊಟ್ಟಿಯನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು, ತಟ್ಟೆಯಲ್ಲಿ ಏನೂ ಬಿಡಬಾರದು. ಇಲ್ಲಿ ಒಂದು ಮಾತು ಹೇಳಲೇಬೇಕು. ಇದನ್ನು ಬಿಟ್ಟಿ ಊಟ ಅಂತ ಲೆಕ್ಕ ಹಾಕಿಕೊಂಡು ಹೋಗಬೇಡಿ. ಉಂಡಾದ ಮೇಲೆ ಪಾತ್ರೆ ತೊಳೆಯುವ ಕಡೆ ಹೋಗಿ ನಿಂತರೆ ಯಾರೂ ನೀನ್ಯಾರು ಅಂತ ಕೇಳುವುದಿಲ್ಲ, ಪಕ್ಕದಲ್ಲಿ ಜಾಗ ಬಿಡುತ್ತಾರೆ. ಬೆಳ್ಳುಳ್ಳಿ ಬಿಡಿಸಲು ಕೂತರೆ ಪಕ್ಕದ ಅಜ್ಜಿಯರ ಜೊತೆ ಹರಕು ಹಿಂದಿಯಲ್ಲೇ ಮಾತು ಶುರುವಾಗುತ್ತದೆ, ಒಂಟಿಯಾಗಿ ಬಂದಿದ್ದೇನೆ ಅನ್ನುವುದು ನನಗಂತೂ ಅಲ್ಲಿ ಪೂರ್ತಿ ಮರೆತುಹೋಗಿತ್ತು. ಜಲಿಯನ್‌ವಾಲಾ ಬಾಗ್ ನಡೆದು ಹೋಗುವಷ್ಟು ಹತ್ತಿರ, ಪ್ರವೇಶ ಉಚಿತ. ಪಾಕಿಸ್ತಾನದ ಕಡೆಯ ಅಟಾರಿ ಗಡಿಗೆ, ಸಂಜೆಯ ಸೈನಿಕರ ಕವಾಯತು ನೋಡಲು, ಶೇರ್ ಗಾಡಿ ಸಿಗುತ್ತವೆ, ಆದರೆ ಒಳಗೆ ಬ್ಯಾಗ್ ಬಿಡುವುದಿಲ್ಲ, ಗುರುತಿನ ಚೀಟಿ ಬೇಕು.

ಅಲ್ಲಿಂದ ಡೆಹ್ರಾಡೂನ್ ರೈಲು ರಾತ್ರಿಯಿಡೀ ಓಡಿ ಹರಿದ್ವಾರ ತಲುಪಿಸುತ್ತದೆ. ಒಂದು ರೂಮಿನ ಬಾಡಿಗೆ ಉಳಿಯಿತು. ಹರಿದ್ವಾರ, ಋಷಿಕೇಶದಲ್ಲಿ ಧರ್ಮಶಾಲೆಗಳು ಬೇಕಾದಷ್ಟಿವೆ, ಆದರೆ ಒಬ್ಬರೇ ಬಂದವರಿಗೆ ಎಷ್ಟೋ ಕಡೆ ರೂಮು ಕೊಡುವುದಿಲ್ಲ. ಇದು ಮೊದಲೇ ಗೊತ್ತಿರಲಿ. ಹಗಲಲ್ಲೇ ಹೋಗಿ, ಆಧಾರ್ ಜೊತೆ ಕಾಲೇಜು ಐಡಿ ತೋರಿಸಿ, ಬೇಕಾದರೆ ಮನೆಯವರ ಹತ್ತಿರ ಫೋನಿನಲ್ಲಿ ಮಾತಾಡಿಸಿ. ಆಗಲಿಲ್ಲವಾ, ಋಷಿಕೇಶದ ತಪೋವನದ ಕಡೆ ಹಾಸ್ಟೆಲ್‌ಗಳಿವೆ, ಡಾರ್ಮಿಟರಿಯಲ್ಲಿ ಒಂದು ಹಾಸಿಗೆ ಸಾಕು. ದೊಡ್ಡ ರೈಲ್ವೆ ಸ್ಟೇಷನ್‌ಗಳ ಡಾರ್ಮಿಟರಿಯನ್ನೂ ನಿಮ್ಮ ಟಿಕೆಟ್ಟಿನ ಪಿಎನ್‌ಆರ್ ಹಾಕಿ ಆನ್‌ಲೈನ್‌ನಲ್ಲಿ ಬುಕ್ ಮಾಡಬಹುದು. ಹುಡುಗಿಯರು ಒಬ್ಬರೇ ಹೋಗುತ್ತಿದ್ದರೆ ಈ ಒಂದು ವಿಷಯದಲ್ಲಿ ದುಡ್ಡು ನೋಡಬೇಡಿ, ಮೊದಲೇ ಬುಕ್ ಮಾಡಿ, ಕತ್ತಲಾದ ಮೇಲೆ ಊರು ತಲುಪುವ ರೈಲನ್ನು ಬಿಟ್ಟುಬಿಡಿ.

ಹರಿದ್ವಾರದಿಂದ ಕಾಶಿಗೆ ಡೂನ್ ಎಕ್ಸ್‌ಪ್ರೆಸ್. ಡಿಸೆಂಬರ್, ಜನವರಿಯಲ್ಲಿ ಮಂಜಿನಿಂದ ಈ ಭಾಗದ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ, ಕೆಲವು ರದ್ದೂ ಆಗುತ್ತವೆ. ಅದಕ್ಕೇ ಕಾಶಿಯಲ್ಲಿ ಒಂದು ದಿನ ಖಾಲಿ ಬಿಟ್ಟುಕೊಳ್ಳಿ. ಉಳಿಯಲು ಗೊದೌಲಿಯಾ ಹತ್ತಿರದ ಜಂಗಮವಾಡಿ ಮಠದಲ್ಲಿ ಮೊದಲು ವಿಚಾರಿಸಿ, ಕನ್ನಡದಲ್ಲೇ ಮಾತಾಡಬಹುದು. ಘಾಟ್‌ಗಳನ್ನು ನೋಡಲು ದೋಣಿ ಬೇಕಿಲ್ಲ, ಬೆಳಿಗ್ಗೆ ಅಸ್ಸಿ ಘಾಟ್‌ನಿಂದ ನಡೆಯುತ್ತಾ ಹೋಗಿ. ಸಾರನಾಥಕ್ಕೆ ಶೇರ್ ಆಟೋ ಸಾಕು, ಆದರೆ ಶುಕ್ರವಾರ ಬೇಡ. ನಾಲ್ಕು ಸಿಂಹದ ಮೂಲ ಶಿಲ್ಪ ಇರುವ ಮ್ಯೂಸಿಯಂಗೆ ಅವತ್ತು ರಜೆ.

ವಾಪಸ್ ಬರಲು ದಿನಾ ಇರುವುದು ಸಂಘಮಿತ್ರ. ಅದು ಕಾಶಿಗೆ ಬರಲ್ಲ, ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ ಹತ್ತಬೇಕು. ಅದೇ ಹಳೆಯ ಮೊಘಲ್‌ಸರಾಯ್. ದೂರ ಹೆಚ್ಚಿಲ್ಲ, ಆದರೆ ಗಂಗೆ ದಾಟುವ ಸೇತುವೆಯಲ್ಲಿ ಗಾಡಿಗಳು ನಿಂತುಬಿಡುತ್ತವೆ, ಎರಡು ಗಂಟೆ ಮೊದಲೇ ಹೊರಡಿ. ಬರ್ತ್‌ನಲ್ಲಿ ಆಗಲೇ ಯಾರಾದರೂ ಕೂತಿರುತ್ತಾರೆ. ಜಗಳ ಬೇಡ, ಟಿಕೆಟ್ ತೋರಿಸಿ ಕೇಳಿ, ಬಿಡದಿದ್ದರೆ ಟಿಟಿಇಗೆ ಹೇಳಿ ಇಲ್ಲವೇ 139ಕ್ಕೆ ಫೋನ್ ಮಾಡಿ.